ಬೀಸುಬಲೆ ಗುಂಡಿಗೆ ಕರಗಿಸಿದ ಸೀಸ ಗಂಜಿಯಾಗಿದೆ, ಏನು ಮಾಡಲಿ?

ಹಿರಿಯೂರಿನಿಂದ ಪ್ರಶ್ನೆ:
2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗಿನಿಂದ ನನಗೂ ಬೀಸುಬಲೆ ಹುಚ್ಚು. ಬಲೆ ಅಂಚಿನ ಸೀಸದ ಗುಂಡು ಮನೇಲೇ ಎರಕ ಹೊಯ್ಯೋಣ ಅಂತ ಟೈರ್ ಅಂಗಡಿಯಿಂದ ನಾಲ್ಕು ಕೆಜಿ ವೀಲ್ ಬ್ಯಾಲೆನ್ಸಿಂಗ್ ತುಂಡು (ಚಕ್ರದ ತೂಕ ಸರಿದೂಗಿಸೋಕೆ ರಿಮ್ಮಿಗೆ ಹಾಕ್ತಾರಲ್ಲ, ಅವು) ತಂದೆ. ಮೊದಲ ಸಲ ಚೆನ್ನಾಗಿ ಬಂತು. ಈ ಸಲ ಅರ್ಧ ಹಾಕಿದೆ ನೋಡಿ, ಬಾಣಲೇಲಿ ರವೆ ಗಂಜಿ ತರಹ ಆಗಿದೆ. ಅಚ್ಚಿನೊಳಗೆ ಪೂರ್ತಿ ಇಳಿಯೋದೇ ಇಲ್ಲ, ಗುಂಡಿನ ಮೈಯೆಲ್ಲ ಸುಕ್ಕು. ಉರಿ ಜೋರು ಮಾಡಿದೆ, ಇನ್ನೂ ಕೆಟ್ಟಿತು. ಗೊತ್ತಿದ್ದವರು ಹೇಳಿ ಅಣ್ಣಾರೇ.

ಹರಿಹರದಿಂದ:
ತಮ್ಮಾ, ಬಾಣಲೆಗೆ ಸತು ಬಿದ್ದಿದೆ. ನನಗೂ ಹೀಗೇ ಆಗಿತ್ತು. ಮೊದಲೆಲ್ಲ ಈ ತುಂಡುಗಳು ಬಹುಪಾಲು ಸೀಸದ್ದೇ ಇರುತ್ತಿದ್ದವು. ಈಗ ಸತುವಿನವು, ಕಬ್ಬಿಣದವು ಎಲ್ಲ ಒಂದೇ ಡಬ್ಬಿಯಲ್ಲಿ ಬೆರೆತಿರುತ್ತವೆ. ನೋಡೋಕೆ ಎಲ್ಲ ಒಂದೇ ಬೂದು ಬಣ್ಣ.

ಉರಿ ಜೋರು ಮಾಡಿದ್ದೇ ಎಡವಟ್ಟು. ಸೀಸ 327 ಡಿಗ್ರಿಗೆ ಕರಗುತ್ತೆ, ಸತುವಿಗೆ 419 ಡಿಗ್ರಿ ಬೇಕು. ಸಣ್ಣ ಉರಿಯಲ್ಲಿ ಸೀಸ ಕರಗಿದ ತಕ್ಷಣ ನೋಡಿದ್ದರೆ ಸತುವಿನ ತುಂಡು ಹಾಗೇ ಮೇಲೆ ತೇಲುತ್ತಿತ್ತು, ಯಾಕಂದರೆ ಅದು ಸೀಸಕ್ಕಿಂತ ತುಂಬಾ ಹಗುರ. ತೂತಿನ ಸೌಟಿನಲ್ಲಿ ತೆಗೆದು ಬಿಸಾಡಿದ್ದರೆ ಮುಗೀತಿತ್ತು. ತೇಲುತ್ತೆ ಅಂತ ಅಲ್ಲೇ ಬಿಟ್ಟರೂ ನಿಧಾನಕ್ಕೆ ಬೆರೆಯುತ್ತೆ, ಅದಕ್ಕೇ ತಡ ಮಾಡಬಾರದು.

ಆದರೆ ಆರಿಸೋದು ಒಲೆ ಹಚ್ಚೋಕೆ ಮುಂಚೆಯೇ. ಮೊದಲು ಅಯಸ್ಕಾಂತ ಆಡಿಸು, ಕಬ್ಬಿಣದವು ಅಂಟಿಕೊಂಡು ಬರುತ್ತವೆ. ಉಳಿದವನ್ನ ಒಂದೊಂದಾಗಿ ಗಾರೆ ನೆಲಕ್ಕೆ ಬಿಡು. ಸೀಸ ದಪ್ ಅಂತ ಕೂರುತ್ತೆ, ಸತು ಠಣ್ ಅನ್ನುತ್ತೆ. ಅನುಮಾನ ಬಂದರೆ ಕಟಿಂಗ್ ಪ್ಲೈಯರ್‌ನಲ್ಲಿ ಒತ್ತು. ಸೀಸದಲ್ಲಿ ಹಲ್ಲು ಆಳಕ್ಕೆ ಇಳಿಯುತ್ತೆ, ಸತು ಬಗ್ಗಲ್ಲ. ನಾನು ಮಂಡಕ್ಕಿ ತಿಂತಾ ಕೂತು ಆರಿಸುತ್ತಿದ್ದೆ, ಅದೂ ದಡ್ಡತನವೇ. ಸೀಸ ಮುಟ್ಟಿದ ಕೈ ಬಾಯಿಗೆ ಹೋಗಬಾರದು. ಸೋಪು ಹಾಕಿ ತೊಳೆದ ಮೇಲೇ ತಿಂಡಿ.

ಕೆಟ್ಟಿರೋದನ್ನ ಸರಿ ಮಾಡೋಕೆ ಗಂಧಕ ಹಾಕು, ಅದು ಹಾಕು ಅಂತಾರೆ. ಮನೆ ಹಿತ್ತಲಲ್ಲಿ ಆ ಹೊಗೆ ಕುಡಿಯೋದು ಬೇಡ. ಗುಜರಿಗೆ ಹಾಕಿಬಿಡು. ಬಾಣಲೆ ಚೆನ್ನಾಗಿ ಕೆರೆದು ಮುಂದಿನ ಸಲಕ್ಕೆ ಇಟ್ಟುಕೋ.

ಚನ್ನಗಿರಿಯಿಂದ:
ಪೂರ್ತಿ ಬಿಸಾಡಬೇಕಾ? ಬಲೆ ಗುಂಡಿಗೆ ಅಂದ ಯಾಕೆ, ತೂಕ ಇದ್ದರೆ ಸಾಕು. ಒಳ್ಳೇ ಸೀಸ ಜಾಸ್ತಿ ಬೆರೆಸಿ ಹೊಯ್ದು ನೋಡಿ. ನಾನು ಸೂಳೆಕೆರೆಗೆ ಒಯ್ಯೋ ಬಲೆಯಲ್ಲಿ ಸುಕ್ಕು ಗುಂಡೇ ಇದೆ, ಮೀನು ಕೇಳಲ್ಲ. ಆದರೆ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯೋಕೆ ಮಾತ್ರ ಹೋಗಬೇಡಿ. ಒಳಗೆ ಆಸಿಡ್, ಪುಡಿ ಸೀಸ, ಜೊತೆಗೆ ಆರ್ಸೆನಿಕ್ಕೂ ಇರಬಹುದು. ಅದರ ಕಿಟ್ಟಕ್ಕೆ ನೀರು ತಾಗಿದರೆ ವಿಷದ ಗಾಳಿ ಏಳುತ್ತೆ. ಹಳೇ ಬ್ಯಾಟರೀನ ಬ್ಯಾಟರಿ ಮಾರೋ ಅಂಗಡಿಗೇ ಕೊಟ್ಟುಬಿಡಿ.

ದಾವಣಗೆರೆಯಿಂದ:
ಎಲ್ಲರೂ ಸತುವಿನ ಹಿಂದೆ ಬಿದ್ದಿದ್ದೀರಿ, ನನ್ನ ಕಾಲಿನ ಕಲೆ ನೀರಿನದ್ದು. ಹಿಂದಿನ ದಿನ ತೊಳೆದಿಟ್ಟ ಅಚ್ಚಿನ ಸಂದಿಯಲ್ಲಿ ಒಂದು ಹನಿ ಉಳಿದಿತ್ತು. ಸೀಸ ಬಿದ್ದದ್ದೇ ಢಮ್ ಅಂತ ಎದ್ದು ಪಾದದ ಮೇಲೆ ಬಂತು. ಚಪ್ಪಲಿ ಪಟ್ಟಿಯ ಗುರುತು ಇವತ್ತಿಗೂ ಇದೆ. ಅಚ್ಚು ಕಾಯಿಸಿ ಒಣಗಿಸಿ, ಬೂಟು ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ ಪಾತ್ರೆ ಬೇಡ, ದಪ್ಪ ಕಬ್ಬಿಣದ ಬಾಣಲೆಯೇ ಆಗಬೇಕು. ಅದು ಮತ್ತೆ ಅಡುಗೆ ಮನೆಗೆ ಹೋಗಬಾರದು. ಬಯಲಲ್ಲೇ ಮಾಡಿ, ಮಕ್ಕಳನ್ನ ಹತ್ತಿರ ಬಿಡಬೇಡಿ.

ಹಿರಿಯೂರಿನಿಂದ ಮತ್ತೆ:
ಉಳಿದ ಎರಡು ಕೆಜಿ ಇವತ್ತು ನೆಲಕ್ಕೆ ಬಿಟ್ಟು ಬಿಟ್ಟು ನೋಡಿದೆ. ಹದಿನಾಲ್ಕು ತುಂಡು ಠಣ್ ಅಂದವು. ಏನು ಸದ್ದು ಅಂತ ಅಮ್ಮ ಎರಡು ಸಲ ಹೊರಗೆ ಬಂದು ನೋಡಿದರು. ಬಾಣಲೆ ಅಡುಗೆ ಮನೇದೇ ಅಂತ ಇನ್ನೂ ಹೇಳಿಲ್ಲ, ನಾಳೆ ಸಂತೇಲಿ ಹೊಸದು ತಂದು ಕೊಡ್ತೀನಿ.