ಸಹಾಯ ಬೇಕು: ಅಪ್ಪನಿಗೆ ಯಾವ ಹಿಯರಿಂಗ್ ಏಡ್ ತಗೊಳ್ಳೋದು?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ. ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ವರದಿ) ಪ್ರಕಾರ ಎರಡೂ ಕಿವಿಯಲ್ಲಿ ಶ್ರವಣ ನಷ್ಟ 500 ಹರ್ಟ್ಸ್‌ಗೆ (ದಪ್ಪ ದನಿ) 30 ಡೆಸಿಬಲ್, 4000ಕ್ಕೆ (ಕೀರಲು ದನಿ) 70. ದನಿ ಕೇಳುತ್ತೆ, ಮಾತು ಬಿಡಿಸಿ ತಿಳಿಯಲ್ಲ. "ಸಾರು ಬೇಕಾ" ಅಂದ್ರೆ "ಯಾರು ಬೇಕು" ಅಂತಾರೆ!

ಅಂಗಡಿಯವರು ಬ್ಲೂಟೂತ್ ಇರೋ ದುಬಾರಿ ಮಾಡೆಲ್ಲೇ ತಗೊಳ್ಳಿ ಅಂತಿದ್ದಾರೆ. ಅಪ್ಪನದು ಇನ್ನೂ ಬಟನ್ ಫೋನು, ಅದ್ಯಾಕೆ ಬೇಕೋ ನನಗಂತೂ ಅರ್ಥವಾಗ್ತಿಲ್ಲ. ಆದರೆ ರೀಚಾರ್ಜ್ ಆಗೋದು ಬೇಕೇ ಬೇಕು. ಕೈ ನಡುಗುತ್ತೆ, 312 ಸೈಜಿನ ಬಟಾಣಿಯಷ್ಟು ಬ್ಯಾಟರಿ ಬದಲಿಸೋದು ಅವರಿಂದಾಗದ ಮಾತು.

ಸ್ಪೀಕರ್ ಕಿವಿಯೊಳಗೆ ಕೂರುವ ಆರ್‌ಐಸಿ ಮಾದರಿಗೆ ತೆರೆದ ಡೋಮ್ (ಕಿವಿಯನ್ನ ಪೂರ್ತಿ ಮುಚ್ಚದ ಮೆತ್ತನೆ ತುದಿ) ಹಾಕಿಸಿಕೊಂಡವರು ಇದ್ದೀರಾ? ಮದುವೆಮನೆ ಗದ್ದಲದಲ್ಲಿ ಎದುರಿನವರ ಮಾತನ್ನೇ ಹೆಚ್ಚಾಗಿ ಹಿಡಿಯೋ ಡೈರೆಕ್ಷನಲ್ ಮೈಕ್ ನಿಜಕ್ಕೂ ಉಪಯೋಗಕ್ಕೆ ಬರುತ್ತಾ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಟ್ರಯಲ್ ಮಾಡಿಸಿದವರು ಅನುಭವ ತಿಳಿಸಿ, ಪ್ಲೀಸ್. ಒಂದೇ ಕಿವಿಗೆ ಸಾಕು ಅಂತ ಅಪ್ಪ ಹಟ ಹಿಡಿದಿದ್ದಾರೆ, ಅದಕ್ಕೂ ಏನಾದರೂ ಉಪಾಯ ಹೇಳಿ.