ನಾಲ್ಕು ವರ್ಷದ ಅನುಭವವಿದ್ದರೂ ಅರ್ಜಿಗಳಿಗೆ ಕರೆ ಬರುತ್ತಿಲ್ಲ: ರೆಸ್ಯೂಮೆಯಲ್ಲಿ ಏನನ್ನು ತಿದ್ದಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು 2019ರಲ್ಲಿ ಬಿ.ಕಾಂ. ಮುಗಿಸಿ, ಶಿವಮೊಗ್ಗದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ನಾಲ್ಕು ವರ್ಷ ಲೆಕ್ಕಪತ್ರದ ಕೆಲಸ ಮಾಡಿದೆ. ತಂದೆಯವರಿಗೆ ಪಾರ್ಶ್ವವಾಯು ಆದ ಕಾರಣ ಕೆಲಸ ಬಿಟ್ಟು ಹದಿನಾಲ್ಕು ತಿಂಗಳು ಮನೆಯಲ್ಲಿದ್ದೆ. ಈಗ ಅವರು ಚೇತರಿಸಿಕೊಂಡಿದ್ದಾರೆ. ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಪ್ರಯತ್ನಿಸುತ್ತಿದ್ದೇನೆ. ಮೂರು ತಿಂಗಳಲ್ಲಿ ನೌಕರಿ ಡಾಟ್ ಕಾಮ್ ಮತ್ತು ಲಿಂಕ್ಡ್‌ಇನ್ ಮೂಲಕ ತೊಂಬತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದೇನೆ. ಬಂದ ಕರೆಗಳು ಮೂರು. ಅವುಗಳಲ್ಲಿ ಒಂದು ಕಡೆಯವರು ತರಬೇತಿ ಶುಲ್ಕವೆಂದು ಹಣ ಕೇಳಿದರು.

ನನ್ನ ರೆಸ್ಯೂಮೆ ಎರಡು ಪುಟದ್ದು, ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ನಮೂನೆ. ಮೇಲೆ ವೃತ್ತಿಯ ಗುರಿ, ನಂತರ ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಅಂಕಗಳ ಕೋಷ್ಟಕ, ಆಮೇಲೆ ‘ಟ್ಯಾಲಿ, ಜಿಎಸ್‌ಟಿ, ಎಂ.ಎಸ್. ಆಫೀಸ್ ಬಲ್ಲೆ’ ಎಂಬ ಸಾಲು, ಕೊನೆಯಲ್ಲಿ ತಂದೆಯ ಹೆಸರು, ಹುಟ್ಟಿದ ದಿನಾಂಕ, ಹವ್ಯಾಸಗಳು ಮತ್ತು ಘೋಷಣೆ. ಅನುಭವಕ್ಕೆ ಕಚೇರಿಯ ಹೆಸರು ಮತ್ತು ಅವಧಿ ಮಾತ್ರ ಇದೆ. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಪೀಣ್ಯದ ಲೆಕ್ಕಿಗ

ನಾನು ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗ ನೋಡಿಕೊಳ್ಳುತ್ತೇನೆ. ಹುದ್ದೆ ಖಾಲಿಯಾದಾಗ ಬರುವ ಅರ್ಜಿಗಳನ್ನು ಓದುವವನೂ ನಾನೇ. ‘ಟ್ಯಾಲಿ, ಜಿಎಸ್‌ಟಿ ಬಲ್ಲೆ’ ಎಂಬ ಸಾಲು ನನ್ನ ಮೇಜಿಗೆ ಬರುವ ಬಹುಪಾಲು ರೆಸ್ಯೂಮೆಗಳಲ್ಲಿ ಇರುತ್ತದೆ. ಮೂರು ತಿಂಗಳ ಕೋರ್ಸ್ ಮುಗಿಸಿದವರೂ ಹಾಗೆಯೇ ಬರೆಯುತ್ತಾರೆ, ನಾಲ್ಕು ವರ್ಷ ರಿಟರ್ನ್ ಸಲ್ಲಿಸಿದವರೂ ಹಾಗೆಯೇ ಬರೆಯುತ್ತಾರೆ. ಕಾಗದದ ಮೇಲೆ ಇಬ್ಬರೂ ಒಂದೇ ಆಗಿಬಿಡುತ್ತಾರೆ. ನಿಮಗೆ ಆಗಿರುವ ನಷ್ಟ ಇದೇ ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಹಳೆಯ ಕಚೇರಿಯಲ್ಲಿ ಒಂದು ತಿಂಗಳು ಹೇಗೆ ಸಾಗುತ್ತಿತ್ತೆಂದು ನೆನಪು ಮಾಡಿಕೊಳ್ಳಿ. 11ನೇ ತಾರೀಖಿನೊಳಗೆ ಮಾರಾಟದ ವಿವರಗಳ ರಿಟರ್ನ್ ಆದ ಜಿಎಸ್‌ಟಿಆರ್‌-1 ಸಲ್ಲಿಸುವುದು, 14ರಂದು ಪೋರ್ಟಲ್‌ನಲ್ಲಿ ಸಿದ್ಧವಾಗುವ 2ಬಿಯನ್ನು (ಸರಬರಾಜುದಾರರು ಏರಿಸಿದ ಬಿಲ್‌ಗಳ ಪಟ್ಟಿ) ಖರೀದಿ ಲೆಕ್ಕದೊಂದಿಗೆ ತಾಳೆ ನೋಡುವುದು, ಪೋರ್ಟಲ್‌ಗೆ ಬಿಲ್ ಏರಿಸದ ಸರಬರಾಜುದಾರರ ಬೆನ್ನು ಹತ್ತುವುದು, 20ರೊಳಗೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಮುಗಿಸುವುದು, ಮೂರು ತಿಂಗಳಿಗೊಮ್ಮೆ ಟಿಡಿಎಸ್‌ನ 24ಕ್ಯೂ ಮತ್ತು 26ಕ್ಯೂ, ಅಂದರೆ ಸಂಬಳ ಮತ್ತು ಇತರ ಪಾವತಿಗಳಲ್ಲಿ ಮುರಿದುಕೊಂಡ ತೆರಿಗೆಯ ಲೆಕ್ಕ. ಇವುಗಳಲ್ಲಿ ನೀವು ಸ್ವತಃ ಮಾಡಿದ್ದು ಯಾವುದು, ಎಷ್ಟು ಗ್ರಾಹಕರಿಗೆ ಮಾಡಿದಿರಿ ಎಂಬುದನ್ನು ಬರೆಯಿರಿ. 2ಬಿ ತಾಳೆ ನೋಡಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಇಡಿ. ಸರಬರಾಜುದಾರ ಬಿಲ್ ಏರಿಸದಿದ್ದರೆ ನಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯಲಾಗುವುದಿಲ್ಲ, ಆ ಮೊತ್ತವನ್ನು ನಾವು ಕೈಯಿಂದ ಕಟ್ಟಬೇಕಾಗುತ್ತದೆ. ಆದ್ದರಿಂದ ಈ ಕೆಲಸ ತಿಳಿದವರನ್ನು ನನ್ನಂಥವರು ನಿಜವಾಗಿಯೂ ಹುಡುಕುತ್ತಿರುತ್ತೇವೆ.

ಒಂದು ಎಚ್ಚರಿಕೆ. ವಾರ್ಷಿಕ ವಹಿವಾಟು 5 ಕೋಟಿಯೊಳಗಿನ ಸಣ್ಣ ವ್ಯಾಪಾರಿಗಳಲ್ಲಿ ಹಲವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕ್ರಮ ಆರಿಸಿಕೊಂಡಿರುತ್ತಾರೆ. ನಿಮ್ಮ ಗ್ರಾಹಕರು ಅಂಥವರಾಗಿದ್ದರೆ ಹಾಗೆಯೇ ಬರೆಯಿರಿ. ಮಾಸಿಕ ಎಂದು ಬರೆದು ಸಂದರ್ಶನದಲ್ಲಿ ತಾರೀಖು ತಪ್ಪಿದರೆ ಉಳಿದೆಲ್ಲವನ್ನೂ ಅನುಮಾನದಿಂದ ನೋಡುತ್ತಾರೆ.

ನೇಮಕಾತಿ ವಿಭಾಗದಿಂದ

ಮೇಲಿನವರು ಹೇಳಿದ್ದು ರೆಸ್ಯೂಮೆ ತೆರೆದ ಮೇಲಿನ ಮಾತು. ನಿಮ್ಮದು ತೆರೆಯುವ ಹಂತಕ್ಕೇ ಬರುತ್ತಿಲ್ಲವೇನೋ ಎಂಬ ಸಂದೇಹ ನನ್ನದು. ನಾವು ನೌಕರಿಯಂಥ ತಾಣಗಳಲ್ಲಿ ಪದಗಳನ್ನೂ ಊರನ್ನೂ ಕೊಟ್ಟು ಹುಡುಕುತ್ತೇವೆ. ನಿಮ್ಮ ಪ್ರೊಫೈಲಿನಲ್ಲಿ ಊರು ಶಿವಮೊಗ್ಗ ಎಂದಷ್ಟೇ ಇದ್ದರೆ ಬೆಂಗಳೂರಿನ ಹುಡುಕಾಟದಲ್ಲಿ ನೀವು ಕಾಣಿಸದೆ ಹೋಗಬಹುದು. ಬಯಸುವ ಸ್ಥಳ ಬೆಂಗಳೂರು ಎಂದು ನಮೂದಿಸಿ, ತಕ್ಷಣ ಸೇರಬಲ್ಲೆ ಎಂಬುದನ್ನೂ ತಿಳಿಸಿ. ನೋಟಿಸ್ ಅವಧಿ ಇಲ್ಲದಿರುವುದು ನಿಮಗೆ ಅನುಕೂಲದ ಸಂಗತಿ. ಕೋಷ್ಟಕದೊಳಗಿನ ಬರಹವನ್ನು ಕೆಲವು ತಂತ್ರಾಂಶಗಳು ಸರಿಯಾಗಿ ಓದುವುದಿಲ್ಲವಾದ್ದರಿಂದ ಅಂಕಗಳನ್ನು ಸರಳ ಸಾಲುಗಳಲ್ಲಿ ಕೊಡಿ. ತಂದೆಯ ಹೆಸರು, ಹವ್ಯಾಸ, ಘೋಷಣೆ, ವೃತ್ತಿಯ ಗುರಿ ಇವನ್ನೆಲ್ಲ ತೆಗೆದರೆ ಒಂದೇ ಪುಟವಾಗುತ್ತದೆ.

ಹದಿನಾಲ್ಕು ತಿಂಗಳ ಬಿಡುವನ್ನು ಮುಚ್ಚಿಡಬೇಡಿ, ವಿವರಿಸಲೂ ಹೋಗಬೇಡಿ. ‘ಕುಟುಂಬದ ಸದಸ್ಯರ ಆರೈಕೆ, ಈಗ ಪೂರ್ಣಾವಧಿ ಕೆಲಸಕ್ಕೆ ಲಭ್ಯ’ ಎಂಬ ಒಂದು ಸಾಲು ಸಾಕು. ತಂದೆಯವರನ್ನು ನೋಡಿಕೊಂಡದ್ದಕ್ಕೆ ಯಾರೂ ಸಂಕೋಚ ಪಡಬೇಕಾಗಿಲ್ಲ. ಕೆಲಸ ಕೊಡಲು ಹಣ ಕೇಳುವವರ ಕರೆಯನ್ನು ಮಾತ್ರ ಅಲ್ಲಿಗೇ ಮುಗಿಸಿಬಿಡಿ, ಆಧಾರ್ ಅಥವಾ ಪ್ಯಾನ್ ಪ್ರತಿಯನ್ನೂ ಕಳುಹಿಸಬೇಡಿ.

ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಊರಿನ ವಿಷಯ ನನಗೆ ಹೊಳೆದೇ ಇರಲಿಲ್ಲ, ಈಗಲೇ ಬದಲಿಸಿದೆ. ಅನುಭವದ ಭಾಗವನ್ನು ಹೀಗೆ ಬರೆದಿದ್ದೇನೆ: ‘26 ಗ್ರಾಹಕರ ಲೆಕ್ಕ ಬರವಣಿಗೆ, ಇವರಲ್ಲಿ 9 ಮಂದಿಗೆ ಮಾಸಿಕ, 17 ಮಂದಿಗೆ ತ್ರೈಮಾಸಿಕ ಜಿಎಸ್‌ಟಿ ರಿಟರ್ನ್, ಪ್ರತಿ ತಿಂಗಳು ಎಕ್ಸೆಲ್‌ನಲ್ಲಿ 2ಬಿ ತಾಳೆ, ಬ್ಯಾಂಕ್ ಲೆಕ್ಕದ ಹೊಂದಾಣಿಕೆ, 26ಕ್ಯೂ ಸಿದ್ಧತೆ.’ ಸರ್, ಹಲವು ಜಾಹೀರಾತುಗಳಲ್ಲಿ ಇ-ಇನ್‌ವಾಯ್ಸ್ ಅನುಭವ ಕೇಳುತ್ತಾರೆ. ಸರ್ಕಾರಿ ಪೋರ್ಟಲ್‌ನಲ್ಲಿ ಬಿಲ್ ನೋಂದಾಯಿಸುವ ಆ ಕೆಲಸವನ್ನು ನಾನು ಮಾಡಿಲ್ಲ, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ ಮಾಡಿದ್ದೇನೆ. ಹೇಗೆ ಬರೆಯಲಿ?

ಪೀಣ್ಯದ ಲೆಕ್ಕಿಗ

ಈ ಸಾಲುಗಳು ನನ್ನ ಮುಂದೆ ಬಂದಿದ್ದರೆ ನಾನು ಅದೇ ದಿನ ಫೋನ್ ಮಾಡುತ್ತಿದ್ದೆ. 26 ಗ್ರಾಹಕರ ಕೆಲಸ ಮಾಡಿ ಅದನ್ನು ‘ಜಿಎಸ್‌ಟಿ ಬಲ್ಲೆ’ ಎಂಬಷ್ಟಕ್ಕೆ ಇಳಿಸಿದ್ದಿರಲ್ಲ ಎಂದು ಓದುವಾಗ ಬೇಸರವಾಯಿತು.

ಮಾಡದ ಕೆಲಸವನ್ನು ಬರೆಯಬೇಡಿ. ಇ-ಇನ್‌ವಾಯ್ಸ್ ಕಡ್ಡಾಯದ ಮಿತಿ 5 ಕೋಟಿ ವಹಿವಾಟಿಗೆ ಇಳಿದದ್ದು 2023ರ ಆಗಸ್ಟ್ 1ರಿಂದ. ನಿಮ್ಮ ಗ್ರಾಹಕರೆಲ್ಲ ಅದಕ್ಕಿಂತ ಸಣ್ಣವರಾಗಿದ್ದರೆ ನಿಮಗೆ ಆ ಅವಕಾಶವೇ ಬಂದಿರಲಿಲ್ಲ, ಕೇಳಿದವರಿಗೆ ಹಾಗೆಯೇ ಹೇಳಿ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಮಾಡಿದ್ದನ್ನು ಅವಶ್ಯ ಸೇರಿಸಿ, ಏಕೆಂದರೆ ಕಾರ್ಖಾನೆಯಲ್ಲಿ ಅದು ದಿನನಿತ್ಯದ ಕೆಲಸ. ಟ್ಯಾಲಿಪ್ರೈಮ್‌ನಲ್ಲಿ ಇ-ಇನ್‌ವಾಯ್ಸ್ ತೆಗೆಯುವುದನ್ನು ನಮ್ಮಲ್ಲಿ ಸೇರಿದ ಹೊಸಬರು ಒಂದೆರಡು ದಿನಗಳಲ್ಲಿ ಕಲಿತಿದ್ದಾರೆ. 2ಬಿ ತಾಳೆ ನೋಡುವ ಕಣ್ಣು ಬರಲು ವರ್ಷ ಬೇಕಾಯಿತು.