ಪ್ರಿಯಸ್ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ಡು ಮನೇಲೇ ಬಿಚ್ಚಿ ಕೂರಿಸ್ಬಹುದಾ?

ಕಾವೇರಿ_ತೀರ, ಸ್ಯಾನ್ ಹೋಸೆ

ನಮಸ್ಕಾರ ಎಲ್ರಿಗೂ. ನಂದು 2011ರ ಪ್ರಿಯಸ್, ಮೂರನೇ ಜನರೇಷನ್ನು, 1.8 ಲೀಟರ್ 2ಝಡ್‌ಆರ್-ಎಫ್‌ಎಕ್ಸ್‌ಇ ಇಂಜಿನ್, 1,80,000 ಮೈಲಿ ದಾಟಿದೆ. ಈಗೊಂದಷ್ಟು ದಿನದಿಂದ ಬೆಳಿಗ್ಗೆ ಮೊದಲ್ನೇ ಸಲ ಇಂಜಿನ್ ಎದ್ದಾಗ ಇಡೀ ಗಾಡಿ ಗಡಗಡ ನಡುಗತ್ತೆ, ಡ್ಯಾಶ್‌ಬೋರ್ಡ್ ಮೇಲಿರೋ ಗಣಪತಿನೂ ಅಲ್ಲಾಡ್ತಾನೆ, ಅರ್ಧ ನಿಮಿಷ ಆದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಸರಿಹೋಗ್ಬಿಡತ್ತೆ. ಕೂಲೆಂಟ್ ಡಬ್ಬಿ ನಿಧಾನಕ್ಕೆ ಇಳೀತಿದೆ ಆದ್ರೆ ನೆಲದ ಮೇಲೆ ಒಂದು ಹನಿನೂ ಇಲ್ಲ. ಸ್ಕ್ಯಾನರ್‌ನಲ್ಲಿ ಪಿ0301 ಬಂದಿದೆ, ಒಂದನೇ ಸಿಲಿಂಡರ್ ಮಿಸ್‌ಫೈರ್, ಅಂದ್ರೆ ಅದು ಸರಿಯಾಗಿ ಉರೀತಿಲ್ಲ. ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯ ಇರೋ ಸೀಲು, ಹೋಗಿದೆ ಅಂತ ನನ್ನ ಅನುಮಾನ.

ಇಲ್ಲಿ ಹತ್ರದ ಒಂದು ಗ್ಯಾರೇಜಿನವರು ಹೆಡ್ ಕೆಲಸ ನಾವು ಮಾಡಲ್ಲ, ಹಳೇ ಇಂಜಿನ್ ತಂದು ಪೂರ್ತಿ ಬದಲಾಯಿಸ್ತೀವಿ ಅಂದ್ರು, ಅವ್ರು ಹೇಳಿದ ರೇಟು ಕೇಳಿದ್ರೆ ಗಾಡಿ ಮಾರೋದೇ ವಾಸಿ ಅನ್ಸತ್ತೆ. ಊರಲ್ಲಿದ್ದಾಗ ಮಾರುತಿ 800 ಇಂಜಿನ್ ಕೆಲಸ ಚಿಕ್ಕಪ್ಪನ ಜೊತೆ ಮಾಡಿದೀನಿ, ಟೂಲ್ಸ್ ಇದೆ, ಟಾರ್ಕ್ ರೆಂಚ್ ಇದೆ. ಹೈಬ್ರಿಡ್ ಅನ್ನೋದೇ ಭಯ. ಕಿತ್ತಳೆ ವೈರು ಮುಟ್ಟಿದ್ರೆ ಕಥೆ ಮುಗೀತು ಅಂತಾರೆ. ಯಾರಾದ್ರೂ ಮಾಡಿದೀರಾ?

ರಾಗಿಮುದ್ದೆ_ಆಸ್ಟಿನ್

ಮಾಡಿದೀನಿ ಗುರೂ, ಇದೇ ಇಂಜಿನ್. ಮೊದಲ್ನೇದಾಗಿ ಇವತ್ತಿಂದ ಆ ಗಾಡಿ ಸ್ಟಾರ್ಟ್ ಮಾಡ್ಬೇಡ. ರಾತ್ರಿಯಿಡೀ ಕೂಲೆಂಟ್ ಸಿಲಿಂಡರ್ ಒಳಗೆ ಜಿನುಗ್ತಾ ಇರತ್ತೆ, ಬೆಳಿಗ್ಗೆ ನಡುಗೋದು ಅದಕ್ಕೇ. ಮಾಮೂಲಿ ಗಾಡೀಲಿ ಸ್ಟಾರ್ಟರ್ ಮೋಟಾರು ಮೆಲ್ಲಗೆ ತಿರುಗಿಸತ್ತೆ, ನೀರು ತುಂಬಿದ್ರೆ ಬಹಳ ಸಲ ಅಲ್ಲೇ ನಿಂತ್ಬಿಡತ್ತೆ. ಇದರಲ್ಲಿ ಸ್ಟಾರ್ಟರೇ ಇಲ್ಲ, ಎಂಜಿ1 ಅನ್ನೋ ಮೋಟಾರು ಇಂಜಿನ್ನನ್ನ ಒಂದೇ ಏಟಿಗೆ ಸುಮಾರು ಸಾವಿರ ಆರ್‌ಪಿಎಂಗೆ ಎಳ್ಕೊಂಡೋಗತ್ತೆ, ನೀರು ಕುಗ್ಗಲ್ಲ, ಕನೆಕ್ಟಿಂಗ್ ರಾಡೇ ಬಗ್ಗತ್ತೆ. ರಾಡ್ ಬಗ್ಗಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಏನೂ ಪ್ರಯೋಜನ ಇಲ್ಲ, ಆಗ ನಿಮ್ಮ ಗ್ಯಾರೇಜಿನವರು ಹೇಳಿದ್ದೇ ಸರಿ, ಬೇರೆ ಇಂಜಿನ್ನೇ ಗತಿ.

ಆಮೇಲೆ ಬಿಚ್ಚೋಕೆ ಮುಂಚೆ ಗ್ಯಾಸ್ಕೆಟ್ಟೇ ಹೋಗಿರೋದು ಅಂತ ಗ್ಯಾರಂಟಿ ಮಾಡ್ಕೊ. ಕೂಲಿಂಗ್ ಸಿಸ್ಟಮ್‌ಗೆ ಪ್ರೆಷರ್ ಟೆಸ್ಟರ್ ಹಾಕಿ ರಾತ್ರಿ ಹಾಗೇ ಬಿಡು, ಬೆಳಿಗ್ಗೆ ಪ್ಲಗ್ ತೆಗೆದು ಆ ತೂತಲ್ಲಿ ಬೋರ್‌ಸ್ಕೋಪ್ (ವೈರಿನ ತುದೀಲಿರೋ ಸಣ್ಣ ಕ್ಯಾಮೆರಾ) ಇಳಿಸಿ ನೋಡು. ಪಿಸ್ಟನ್ ತಲೆ ಒದ್ದೆ ಇದ್ರೆ, ಇಲ್ಲಾ ಮಿಕ್ಕ ಮೂರರಲ್ಲಿ ಮಸಿ ಇದ್ದು ಒಂದು ಮಾತ್ರ ತೊಳೆದ ಹಾಗೆ ಕ್ಲೀನಾಗಿದ್ರೆ ಮುಗೀತು, ಅದೇ. ಕಂಪ್ರೆಷನ್ ಟೆಸ್ಟಿಗೆ ಇಂಜಿನ್ ಸುಮ್ಮನೆ ತಿರುಗಿಸೋಕೆ ಟೆಕ್‌ಸ್ಟ್ರೀಮ್ ಸಾಫ್ಟ್‌ವೇರ್ ಬೇಕು, ಅದರ ಬದಲು ಲೀಕ್‌ಡೌನ್ ಟೆಸ್ಟ್, ಅಂದ್ರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರತ್ತೆ ಅಂತ ನೋಡೋದು, ಸುಲಭ.

ಇನ್ನೊಂದು, ಎಲ್ರೂ ಮರೆಯೋದು: ಇಜಿಆರ್ ಕೂಲರ್, ಅಂದ್ರೆ ಇಂಜಿನ್ ಹೊಗೆಯ ಒಂದು ಪಾಲನ್ನ ವಾಪಸ್ ಒಳಗೆ ಕಳಿಸೋ ಮುಂಚೆ ತಣ್ಣಗೆ ಮಾಡೋ ಭಾಗ. ಇಂಜಿನ್ ಹಿಂದೆ, ಫೈರ್‌ವಾಲ್ ಕಡೆ ಇರತ್ತೆ, ವೈಪರ್ ಮೋಟಾರು, ಕೌಲ್ (ಮುಂದಿನ ಗಾಜಿನ ಬುಡದ ತಟ್ಟೆ) ಎಲ್ಲಾ ತೆಗೆದ್ರೇನೆ ಕೈ ಹೋಗೋದು. ಒಳಗಡೆ ಸೌದೆ ಒಲೆ ಹೊಗೆಗೂಡಿನ ಥರ ಮಸಿ ಕಟ್ಟಿರತ್ತೆ. ಇದು ಕಟ್ಕೊಂಡು ಇಂಜಿನ್ ಬಿಸಿ ಏರಿ ಗ್ಯಾಸ್ಕೆಟ್ ಸಾಯತ್ತೆ ಅನ್ನೋದು ಈ ಗಾಡಿ ಬಿಚ್ಚಿರೋ ಬಹಳ ಜನರ ಮಾತು, ನಂಗೂ ಅದೇ ಅನ್ಸೋದು. ಬರೀ ಗ್ಯಾಸ್ಕೆಟ್ ಹಾಕಿ ಕೂಲರ್ ಹಾಗೇ ಬಿಟ್ರೆ ಮತ್ತೆ ಇಲ್ಲೇ ಬಂದು ಪೋಸ್ಟ್ ಹಾಕ್ತೀಯ. ಆಕ್ಸಿಜನ್ ಬ್ಲೀಚ್ ಪುಡಿ ಬಿಸಿನೀರಿಗೆ ಹಾಕಿ ನೆನೆಸಿ ತೊಳಿ, ನೀರು ಆ ಕಡೆಯಿಂದ ಧಾರಾಳವಾಗಿ ಬರೋ ತನಕ. ಇಂಟೇಕ್ ಮ್ಯಾನಿಫೋಲ್ಡಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಸಣ್ಣ ಇಜಿಆರ್ ತೂತಿದೆ, ಅದನ್ನೂ ಬಿಡ್ಬೇಡ.

ಟ್ಯಾಕ್ಸಿ_ಮೆಲ್ಬರ್ನ್

ಕರೆಂಟಿನ ವಿಷ್ಯ ನಾನು ಹೇಳ್ತೀನಿ, ಇಲ್ಲಿ ಟ್ಯಾಕ್ಸಿಗಳಲ್ಲಿ ಕ್ಯಾಮ್ರಿ ಹೈಬ್ರಿಡ್ಡೇ ಜಾಸ್ತಿ, ದಿನಾ ಇದೇ ಕೆಲಸ. ಭಯ ಇರ್ಲಿ, ಒಳ್ಳೇದೇ. ದೊಡ್ಡ ಹೈಬ್ರಿಡ್ ಬ್ಯಾಟರಿ 201.6 ವೋಲ್ಟು, ಇನ್ವರ್ಟರ್ ಅದನ್ನ 650ರವರೆಗೂ ಏರಿಸತ್ತೆ. ಕೀ ಗಾಡಿಯಿಂದ ದೂರ ಇಡಿ, ಯಾಕಂದ್ರೆ ರೆಡಿ ಲೈಟ್ ಉರೀತಿದ್ರೆ ಇಂಜಿನ್ ಯಾವಾಗ ಬೇಕಾದ್ರೂ ತಾನೇ ಎದ್ದು ಕೂರತ್ತೆ, ನಿಮ್ಮ ಕೈ ಎಲ್ಲಿದೆ ಅಂತ ಅದು ಕೇಳಲ್ಲ. 12 ವೋಲ್ಟ್ ಬ್ಯಾಟರಿ ನೆಗೆಟಿವ್ ತೆಗೀರಿ, ಇನ್ಸುಲೇಟೆಡ್ ಗ್ಲೌಸ್ ಹಾಕಿ ಹಿಂದೆ ಡಿಕ್ಕಿ ನೆಲದ ಕೆಳಗಿರೋ ಕಿತ್ತಳೆ ಸರ್ವಿಸ್ ಪ್ಲಗ್ ಎಳೀರಿ, ಎಳೆದಿದ್ದನ್ನ ಜೇಬಲ್ಲೇ ಇಟ್ಕೊಳಿ, ಬೇರೆಯವ್ರು ಯಾರೂ ವಾಪಸ್ ಹಾಕ್ಬಾರ್ದು. ಆಮೇಲೆ ಕಮ್ಮಿ ಅಂದ್ರೂ 10 ನಿಮಿಷ ಕಾಯಿರಿ, ಇನ್ವರ್ಟರ್ ಒಳಗಿನ ಕೆಪಾಸಿಟರ್ ಖಾಲಿ ಆಗ್ಬೇಕು.

ಹೆಡ್ ತೆಗೆಯೋಕೆ ಇನ್ವರ್ಟರ್ ಇಳಿಸ್ಬೇಕಿಲ್ಲ, ಆದ್ರೆ ಎಸಿ ಕಂಪ್ರೆಸರ್ ಇಂಜಿನ್ ಬ್ಲಾಕಿಗೇ ಕೂತಿದೆ, ಅದೂ ಹೈ ವೋಲ್ಟೇಜಿಂದೇ ಓಡೋದು, ಆ ಕಿತ್ತಳೆ ಕೇಬಲ್ಲಿಗೆ ಸ್ಪ್ಯಾನರ್ ತಾಗಿಸ್ಬೇಡಿ. ಕೂಲೆಂಟ್ ಡಬ್ಬಿನೂ ಎರಡಿದೆ, ಒಂದು ಇಂಜಿನ್‌ದು ಒಂದು ಇನ್ವರ್ಟರ್‌ದು. ಇಳೀತಿರೋದು ಯಾವುದು ಅಂತ ಮತ್ತೊಂದು ಸಲ ನೋಡ್ಕೊಳಿ.

ಒಂದು ತಮಾಷೆ ಇದೆ, ಡಿಕ್ಕಿ ಬಾಗಿಲಿನ ಲಾಕು ಎಲೆಕ್ಟ್ರಿಕ್, 12 ವೋಲ್ಟ್ ಬ್ಯಾಟರಿ ಡಿಕ್ಕಿ ಒಳಗೇ ಇದೆ. ಬ್ಯಾಟರಿ ತೆಗೆದು ಬಾಗಿಲು ಮುಚ್ಚಿದ್ರೋ, ಬಟನ್ ಒತ್ತಿದ್ರೆ ತೆಗೆಯಲ್ಲ. ಕೆಲಸ ಮುಗಿಯೋವರೆಗೂ ಲ್ಯಾಚಿಗೊಂದು ಬಟ್ಟೆ ತುರುಕಿ ಬಾಗಿಲು ಓರೆ ಮಾಡಿಟ್ಬಿಡಿ.

ಹುಬ್ಬಳ್ಳಿ_ಗ್ಯಾರೇಜ್

ಅಣ್ಣಾರ, ಪ್ರಿಯಸ್ ಇಲ್ಲಿ ಅಪರೂಪ ಬರಿ, ಆದ್ರ ಕೊರೊಲ್ಲಾ ಆಲ್ಟಿಸ್ 1.8 ಪೆಟ್ರೋಲ್ ಇಂಜಿನ್ ಇದ ಮನೆತನದ್ದ ಐತಿ, 2ಝಡ್‌ಆರ್-ಎಫ್‌ಇ, ಅದರ ಹೆಡ್ ಇಳಸೀವಿ. ಬೋಲ್ಟ್ ಬಿಚ್ಚೂದು ದೊಡ್ಡ ಕೆಲಸ ಅಲ್ರಿ, ಸ್ವಚ್ಛ ಮಾಡೂದ ದೊಡ್ಡದು. ವಾಲ್ವ್ ಕವರ್ ತಗೀರಿ, ಇಂಜಿನ್ ಕೆಳಗ ಜಾಕ್ ಕೊಟ್ಟು ಚೈನ್ ಕಡಿ ಮೌಂಟ್ ತಗೀರಿ, ಟೈಮಿಂಗ್ ಕವರ್ ಬಿಚ್ಚ್ರಿ. ಆ ಕವರ್ ಸೀಲಂಟಿನ್ಯಾಗ ಅಂಟಿರ್ತದ, ಸ್ಕ್ರೂ ಡ್ರೈವರ್ ಹಾಕಿ ಅಲ್ಯುಮಿನಿಯಂ ಕೆತ್ತಬ್ಯಾಡ್ರಿ, ಆಮ್ಯಾಗ ಎಣ್ಣಿ ಸೋರತದ. ಚೈನ್ ತಗಿಯೂಕಿಂತ ಮೊದಲ ಗುರುತು ಕೂಡಿಸಿ ಫೋಟೋ ಹೊಡಕೋರಿ. ಕ್ಯಾಮ್ ಹೌಸಿಂಗ್ ಹೆಡ್ ಮ್ಯಾಲ ಬ್ಯಾರೇನ ಕೂತಿರ್ತದ, ಅದನ್ನ ಎತ್ತಿದ ಕೂಡಲೆ ರಾಕರ್ ಆರ್ಮ್ ಉದುರ್ತಾವ, ಯಾವುದು ಎಲ್ಲಿಂದ ಬಂತು ಅಂತ ರಟ್ಟಿಗೆ ನಂಬರ್ ಬರದು ಚುಚ್ಚಿಡ್ರಿ. ಲ್ಯಾಷ್ ಅಡ್ಜಸ್ಟರ್ (ವಾಲ್ವಿನ ಸಂದು ಸರಿ ಇಡೂ ಸಣ್ಣ ಭಾಗ) ನೆಟ್ಟಗ ನಿಲ್ಲಿಸಿಡ್ರಿ, ಮಲಗಿಸಬ್ಯಾಡ್ರಿ.

ಹೆಡ್ ಬೋಲ್ಟ್ 10 ಅದಾವ, 12 ಮೂಲಿಯ 10 ಎಂಎಂ ಬಿಟ್ ಬೇಕು, ಅಲನ್ ಕೀ ತುರುಕಿದ್ರ ತಲಿ ಹಾಳಾಗತದ. ಬಿಚ್ಚಬೇಕಾದ್ರ ತುದಿಯಿಂದ ನಡುವಿಗೆ, ಸ್ವಲ್ಪ ಸ್ವಲ್ಪ, ಎಲ್ಲಾ ಸುತ್ತಿ ಬರ್ರಿ. ಒಂದ ಬೋಲ್ಟ್ ಒಮ್ಮೆಲೆ ಬಿಚ್ಚಿದ್ರ ಹೆಡ್ ಸೊಟ್ಟ ಆಗತದ. ಇಂಜಿನ್ ಬಿಸಿ ಇದ್ದಾಗಂತೂ ಮುಟ್ಟಬ್ಯಾಡ್ರಿ.

ಕಾವೇರಿ_ತೀರ, ಸ್ಯಾನ್ ಹೋಸೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪ್ರೆಷರ್ ಹಾಕಿ ನೋಡ್ದೆ, ಒಂದು ಮತ್ತೆ ಎರಡನೇ ಸಿಲಿಂಡರ್ ಎರಡೂ ಒದ್ದೆ. ಬಿಚ್ಚೋದು ಅಂತ ನಿರ್ಧಾರ ಮಾಡಿದೀನಿ. ಹೆಡ್ಡನ್ನ ಮಷೀನ್ ಶಾಪಿಗೆ ಕೊಡ್ಲೇಬೇಕಾ? ಹಳೇ ಬೋಲ್ಟು ಮತ್ತೆ ಹಾಕ್ಬಹುದಾ? ಬ್ಲಾಕ್ ಮೇಲಿನ ಹಳೇ ಗ್ಯಾಸ್ಕೆಟ್ ಅಂಟು ತೆಗೆಯೋಕೆ ಡ್ರಿಲ್ಲಿಗೆ ಹಾಕೋ ಸ್ಯಾಂಡಿಂಗ್ ಡಿಸ್ಕ್ ನಡೆಯತ್ತಾ?

ಹುಬ್ಬಳ್ಳಿ_ಗ್ಯಾರೇಜ್

ಡಿಸ್ಕ್ ಬ್ಯಾಡ್ರಿ! ಅದರ ಪುಡಿ ಎಣ್ಣಿ ದಾರಿಯಾಗ ಇಳದು ಬೇರಿಂಗ್ ತಿಂತದ, ಮ್ಯಾಲ ಬ್ಲಾಕಿನ ಮುಖ ತಗ್ಗು ಬೀಳತದ. ಪ್ಲಾಸ್ಟಿಕ್ ಸ್ಕ್ರೇಪರ್, ಕ್ಲೀನರ್, ತಾಳ್ಮಿ, ಇಷ್ಟ ಸಾಕು. ಹೆಡ್ ಶಾಪಿಗೆ ಕೊಡ್ರಿ, ಬಿರುಕು ಅದಾವೇನು ಅಂತ ನೋಡ್ತಾರ, ಸ್ಟ್ರೇಟ್ ಎಡ್ಜ್ ಇಟ್ಟು ಅಳೀತಾರ, ಬ್ಲಾಕ್ ಕಡಿ ಮುಖ 0.05 ಎಂಎಂ ಮ್ಯಾಲ ಸೊಟ್ಟ ಇರಬಾರ್ದು. ಬ್ಲಾಕೂ ಹಂಗ ಅಳೀರಿ, ಹೆಡ್ ಸಪಾಟ ಮಾಡಿಸಿ ಬ್ಲಾಕ್ ಮರೆಯವ್ರು ಭಾಳ ಮಂದಿ ಅದಾರ.

ಬೋಲ್ಟ್ ಹೊಸಾವ ಹಾಕ್ರಿ. ಇಷ್ಟು ಕೆಲಸ ಮಾಡಿ ಬೋಲ್ಟಿನ್ಯಾಗ ಉಳಸೂದು ಏನೈತಿ? ಬ್ಲಾಕಿನ ಬೋಲ್ಟ್ ತೂತಿನ್ಯಾಗ ಕೂಲೆಂಟ್ ನಿಂತಿರ್ತದ, ಅದನ್ನ ಪೂರ್ತಿ ಒಣಗಸ್ರಿ, ನೀರಿನ ಮ್ಯಾಲ ಬೋಲ್ಟ್ ತಿರುವಿದ್ರ ಬ್ಲಾಕ್ ಸೀಳತದ, ಇಲ್ಲಾ ಟಾರ್ಕ್ ಸುಳ್ಳ ತೋರಸತದ. ಬೋಲ್ಟ್ ಎಳಿಗೆ ಮತ್ತ ವಾಷರ್ ಕೆಳಗ ಚೂರು ಎಂಜಿನ್ ಆಯಿಲ್ ಸವರ್ರಿ. ನಡುವಿಂದ ತುದಿಗೆ ಬಿಗಿ ಮಾಡ್ರಿ, ಮೊದಲ 49 ನ್ಯೂಟನ್ ಮೀಟರ್, ಆಮ್ಯಾಗ ಎಲ್ಲಾದಕ್ಕೂ 90 ಡಿಗ್ರಿ, ಆಮ್ಯಾಗ ಇನ್ನೊಮ್ಮೆ 45 ಡಿಗ್ರಿ. ಬೋಲ್ಟಿನ ತಲಿಗೆ ಪೇಂಟಿನ ಚುಕ್ಕಿ ಇಡ್ರಿ, ಯಾವುದಾತು ಯಾವುದಿಲ್ಲ ಕಣ್ಣಿಗೇ ಕಾಣ್ತದ. ಮ್ಯಾನುಯಲ್ ಪಕ್ಕದಾಗ ತಗದಿಟ್ಟು ತಾಳೆ ನೋಡಕೋರಿ. ಟೈಮಿಂಗ್ ಕವರಿಗೆ ಸೀಲಂಟ್ ಹಚ್ಚಿದ ಮ್ಯಾಲ 3 ನಿಮಿಷದಾಗ ಕೂಡಿಸಬೇಕು, ಅದಕ್ಕ ಬೋಲ್ಟೆಲ್ಲಾ ಮೊದಲ ಜೋಡಿಸಿಟ್ಟಕೋರಿ. ಇಂಜಿನ್ ಚಾಲೂ ಮಾಡೂಕಿಂತ ಮೊದಲ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಲೆ ಎರಡ ಸುತ್ತು ತಿರುವ್ರಿ, ಎಲ್ಲ್ಯಾರ ತಡದ್ರ ಅಲ್ಲೇ ನಿಲ್ಲಸ್ರಿ.

ರಾಗಿಮುದ್ದೆ_ಆಸ್ಟಿನ್

ಎಲ್ಲಾ ಜೋಡಿಸಿದ ಮೇಲೆ ಏರ್ ಬ್ಲೀಡ್ ಮಾಡೋಕೆ, ಅಂದ್ರೆ ಕೂಲೆಂಟ್ ಒಳಗಿನ ಗಾಳಿ ಹೊರಗೆ ಹಾಕೋಕೆ, ಇಂಜಿನ್ ಓಡ್ತಾನೇ ಇರ್ಬೇಕು, ಈ ಗಾಡಿ ಅಷ್ಟು ಸುಲಭಕ್ಕೆ ಬಿಡಲ್ಲ, ನಿಂತ್ಬಿಡತ್ತೆ. ಮೇಂಟೆನೆನ್ಸ್ ಮೋಡ್ ಹಾಕು: ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ, ಪಿ ಅಲ್ಲಿ ಆಕ್ಸಿಲರೇಟರ್ ಪೂರ್ತಿ ಎರಡು ಸಲ, ಎನ್ ಅಲ್ಲಿ ಎರಡು ಸಲ, ಮತ್ತೆ ಪಿ ಅಲ್ಲಿ ಎರಡು ಸಲ, ಆಮೇಲೆ ಬ್ರೇಕ್ ಒತ್ತಿ ಪವರ್. ಇದೆಲ್ಲಾ 60 ಸೆಕೆಂಡಲ್ಲಿ ಮುಗೀಬೇಕು. ಸರಿಯಾಗಿ ಮಾಡಿದ್ರೆ ಸ್ಕ್ರೀನಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಬರತ್ತೆ, ಇಂಜಿನ್ ನಿಲ್ಲಲ್ಲ. ಹೀಟರ್ ಫುಲ್ ಬಿಸಿಗೆ ಇಟ್ಟು ಓಡಿಸು. ಆ ಮೋಡಲ್ಲಿ ರೋಡಿಗೆ ಮಾತ್ರ ಇಳಿಸ್ಬೇಡ. ಪೂರ್ತಿ ತಣ್ಣಗಾದ್ಮೇಲೆ ಕೂಲೆಂಟ್ ಲೆವೆಲ್ ನೋಡು, ಇಳಿದಿದ್ರೆ ಗಾಬರಿ ಬೀಳ್ಬೇಡ, ಗಾಳಿ ಹೋಗಿ ಒಂದಿಷ್ಟು ಇಳಿದೇ ಇಳಿಯತ್ತೆ. ಆಮೇಲೂ ದಿನಾ ಇಳೀತಾನೇ ಇದ್ರೆ ಇಲ್ಲಿ ಬರಿ.